ಎ ವಲಯ ಬಲವಾ, ಬಿ ವಲಯ ಬಲವಾ? ಪ್ರೊ ಕಬಡ್ಡಿಯ ಒಂದು ಹಳೇ ಜಗಳದ ಲೆಕ್ಕ

(1/9)
ಪ್ರೊ ಕಬಡ್ಡಿಯ ಹೊಸ ಸೀಸನ್ ಹತ್ತಿರ ಬಂತು ಅಂದ ಕೂಡ್ಲೆ ನಮ್ಮ ಕ್ಲಾಸ್ ಗ್ರೂಪಿನಲ್ಲಿ ನಿದ್ದೆ ಇಲ್ಲ. ಯಾರನ್ನು ಉಳಿಸಿಕೊಂಡ್ರು, ಯಾರನ್ನು ಬಿಟ್ರು, ಈ ಸಲ ಕಪ್ಪು ಯಾರಿಗೆ ಅಂತ ರಾತ್ರಿ ಹನ್ನೊಂದರವರೆಗೆ ಚರ್ಚೆ. ಅದರ ನಡುವೆ ಬಾಸ್ಕೆಟ್‌ಬಾಲ್ ಹುಚ್ಚಿನ ಇಬ್ಬರು ಬಂದು ಅವರದ್ದೇ ಒಂದು ಜಗಳ ತೆಗೀತಾರೆ: ಎನ್‌ಬಿಎಯಲ್ಲಿ ಈಸ್ಟ್ ಬಲವಾ, ವೆಸ್ಟ್ ಬಲವಾ? ಉಳಿದವರು "ಅದೆಂತ ಜಗಳ ಮಾರಾಯ, ತಂಡ ನೋಡು, ದಿಕ್ಕು ಯಾಕೆ ನೋಡುದು?" ಅಂತ ನಗಾಡುದು.

ನಗಾಡುವವರಿಗೆ ಒಂದು ವಿಷಯ ನೆನಪು ಮಾಡ್ತೇನೆ. ನಮ್ಮ ಕಬಡ್ಡಿಯಲ್ಲೂ ಇದೇ ಜಗಳ ಇತ್ತು. ಸರಿಯಾಗಿ ಎರಡು ಸೀಸನ್: 2017 ಮತ್ತು 2018. ತಂಡಗಳನ್ನು ಎ ವಲಯ, ಬಿ ವಲಯ ಅಂತ ಎರಡು ಭಾಗ ಮಾಡಿದ್ರು. ನಮ್ಮಲ್ಲಿ ಹೆಚ್ಚಿನವರು ಆಗ ಪ್ರೈಮರಿ ಶಾಲೆಯಲ್ಲಿ, ರೈಡರ್ ಹೆಸರು ಗೊತ್ತಿತ್ತೇ ಹೊರತು ಪಟ್ಟಿ ಯಾರು ನೋಡ್ತಾರೆ?

ಆದರೆ ಆ ಪಟ್ಟಿಗೂ ನಮಗೂ ಸಂಬಂಧ ಉಂಟು. ಬೆಂಗಳೂರು ಬುಲ್ಸ್‌ಗೆ ಇದುವರೆಗೆ ಸಿಕ್ಕಿದ ಒಂದೇ ಒಂದು ಕಪ್ಪು ಆ ಎರಡನೇ ವರ್ಷದ್ದು. "ಅದು ಬಿಡು, ಸುಲಭದ ಗುಂಪಿನಲ್ಲಿದ್ದು ಗೆದ್ದದ್ದು" ಅಂತ ಬೇರೆ ತಂಡದ ಫ್ಯಾನ್‌ಗಳು ಈಗಲೂ ಕುಟುಕುದು ಉಂಟು. ಆ ಮಾತು ನಿಜವಾ, ಸುಳ್ಳಾ ಅಂತ ನೋಡ್ಲಿಕ್ಕೆ ಹಳೇ ಅಂಕಪಟ್ಟಿ ತೆಗೆದು ಪೆನ್ನು ಹಿಡ್ಕೊಂಡು ಕೂತೆ. ಸಿಕ್ಕಿದ್ದು ನಾನು ಅಂದುಕೊಂಡದ್ದಕ್ಕಿಂತ ಸ್ವಾರಸ್ಯದ್ದು. ಒಂಬತ್ತು ಪೋಸ್ಟ್ ಆಗ್ತದೆ, ಸ್ವಲ್ಪ ತಾಳ್ಮೆ ಇರಲಿ.

(2/9)
ಮೊದಲು ಬಾಸ್ಕೆಟ್‌ಬಾಲಿನವರ ಕತೆ ಮುಗಿಸುವ, ಯಾಕಂದ್ರೆ ಈ ಜಗಳಕ್ಕೆ ಅವರೇ ಹಿರಿಯರು.

ಎನ್‌ಬಿಎಯಲ್ಲಿ 30 ತಂಡ, ಪೂರ್ವಕ್ಕೆ 15, ಪಶ್ಚಿಮಕ್ಕೆ 15. ಒಂದು ತಂಡ ಸೀಸನ್ನಿಗೆ 82 ಪಂದ್ಯ ಆಡ್ತದೆ. ಅದರಲ್ಲಿ 52 ತನ್ನ ಕಡೆಯವರ ಜೊತೆ, 30 ಆಚೆ ಕಡೆಯವರ ಜೊತೆ. ಪ್ಲೇಆಫ್‌ಗೆ ಹೋಗುವವರನ್ನು ಪೂರ್ವದಿಂದ ಬೇರೆ, ಪಶ್ಚಿಮದಿಂದ ಬೇರೆ ಆರಿಸುದು. ಒಂದು ಕಡೆ ಗಟ್ಟಿಯಾಗಿ ಇನ್ನೊಂದು ಕಡೆ ಜೊಳ್ಳಾದರೆ ಎಂತ ಆಗ್ತದೆ ಅನ್ನುದಕ್ಕೆ 2013-14ರ ಸೀಸನ್ ನೋಡಿ. ಪಶ್ಚಿಮದ ಫೀನಿಕ್ಸ್ ಸನ್ಸ್ 48 ಪಂದ್ಯ ಗೆದ್ದು ಮನೆಗೆ ಹೋಯ್ತು. ಪೂರ್ವದ ಅಟ್ಲಾಂಟಾ ಹಾಕ್ಸ್ 38 ಗೆದ್ದು, 44 ಸೋತು, ಪ್ಲೇಆಫ್‌ಗೆ ಹೋಯ್ತು. ಸನ್ಸ್ ಪೂರ್ವದಲ್ಲಿದ್ದಿದ್ರೆ ಅಷ್ಟೇ ಗೆಲುವಿಗೆ ಮೂರನೇ ಸ್ಥಾನದವರಿಗೆ ಸಮ ಆಗ್ತಿತ್ತು. ಆ ವರ್ಷ ಪೂರ್ವ ಮತ್ತು ಪಶ್ಚಿಮದ ನಡುವೆ ನಡೆದ 450 ಪಂದ್ಯದಲ್ಲಿ ಪಶ್ಚಿಮದವರು ಗೆದ್ದದ್ದು 284.

ಅದರ ಹಿಂದಿನ ಎರಡು ವರ್ಷ, 2012 ಮತ್ತು 2013ರಲ್ಲಿ, ಕಪ್ಪು ಎತ್ತಿದ್ದು ಯಾರು? ಮಯಾಮಿ ಹೀಟ್. ಪೂರ್ವದ ತಂಡ! ಹಾಗಂತ ಆ ಎರಡು ವರ್ಷ ಪೂರ್ವ ಬಲ ಅಂತ ಯಾರೂ ಹೇಳ್ಲಿಲ್ಲ. ಇದನ್ನು ಸ್ವಲ್ಪ ತಲೆಯಲ್ಲಿ ಇಟ್ಕೊಳ್ಳಿ, ಕಬಡ್ಡಿಗೆ ಬಂದಾಗ ಬೇಕಾಗ್ತದೆ.

(ನಮ್ಮ ದೇಶದಲ್ಲೂ 2015ರಲ್ಲಿ ಶುರುವಾದ ಯುಬಿಎ ಅನ್ನುವ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಉತ್ತರ, ದಕ್ಷಿಣ ಅಂತ ಎರಡು ಭಾಗ ಇತ್ತು. ಬೆಂಗಳೂರು ಬೀಸ್ಟ್ ದಕ್ಷಿಣದಲ್ಲಿ. ಆ ಲೀಗೇ ಬೇಗ ನಿಂತುಹೋಯ್ತು, ಜಗಳ ಬೆಳೆಯಲಿಕ್ಕೆ ಪುರುಸೊತ್ತೇ ಸಿಗ್ಲಿಲ್ಲ.)

(3/9)
ಈಗ ಊರಿಗೆ ಬನ್ನಿ. ಗುಂಪಿನ ಬಲ ಅಂದ್ರೆ ಎಂತ ಅಂತ ಸುಳ್ಯ, ಪುತ್ತೂರಿನವರಿಗೆ ಅಮೇರಿಕದವರು ಕಲಿಸಬೇಕಾಗಿಲ್ಲ.

ಮಳೆ ಬಿಟ್ಟು ಮೈದಾನ ಒಣಗಿದ ಮೇಲೆ ನಮ್ಮಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಶುರು ಅಲ್ವಾ? ಐವರ್ನಾಡಿನಿಂದ ಬೆಳ್ಳಾರೆ ಕಡೆ ಹೋಗಿ, ಸುಳ್ಯ ಕಡೆ ಹೋಗಿ, ವಾರಕ್ಕೊಂದಾದರೂ ಬ್ಯಾನರ್ ಕಾಣ್ತದೆ. ಅಲ್ಲಿ ಸಂಜೆ ಮೈಕ್ ಟೆಸ್ಟಿಂಗ್ ಮುಗಿದ ಮೇಲೆ ಎಲ್ಲರೂ ಕಾಯುದು ಚೀಟಿ ಎತ್ತುವುದಕ್ಕೆ. ಯಾವ ತಂಡ ಯಾವ ಪೂಲ್ ಅಂತ ಗೊತ್ತಾದ ಕೂಡ್ಲೆ ಅರ್ಧ ಜನರ ಮುಖ ಬಾಡ್ತದೆ. ಮೂರು ಒಳ್ಳೇ ತಂಡ ಒಂದೇ ಕಡೆ ಬಿದ್ದರೆ ರಾತ್ರಿ ಎರಡು ಗಂಟೆಯ ಮೊದಲೇ ಅದರಲ್ಲಿ ಎರಡು ತಂಡ ಜೀಪು ಹತ್ತಿ ಮನೆಗೆ. ಆಚೆ ಪೂಲಿನಲ್ಲಿ ಸಾಧಾರಣ ತಂಡ ಒಂದು ಸೆಮಿಗೆ ಹೋಗಿ ಟ್ರೋಫಿ ಹಿಡ್ಕೊಂಡು ಫೋಟೋ ತೆಗೀತದೆ.

ಶಾಲೆಯ ಪಂದ್ಯಾಟದಲ್ಲಿ ಇದು ಇನ್ನೂ ಖಾರ. ಅಲ್ಲಿಯ ಹೆಸರೂ ಅದೇ: ವಲಯ. ಮೊದಲು ವಲಯ ಮಟ್ಟ, ಆಮೇಲೆ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ತಾಲೂಕಿನಲ್ಲಿ ಎರಡನೇ ಒಳ್ಳೇ ತಂಡ ನಿಮ್ಮದೇ ಅಂತ ಇಟ್ಕೊಳ್ಳಿ. ಮೊದಲನೇ ಒಳ್ಳೇ ತಂಡವೂ ನಿಮ್ಮದೇ ವಲಯದಲ್ಲಿದ್ರೆ? ಮುಗೀತು. ತಾಲೂಕು ಮಟ್ಟದ ಮೈದಾನ ಯಾವ ದಿಕ್ಕಿಗುಂಟು ಅಂತ ನೀವು ನೋಡುದೇ ಇಲ್ಲ. ಪ್ರಮಾಣಪತ್ರದಲ್ಲಿ "ವಲಯ ಮಟ್ಟ" ಅಂತ ಮಾತ್ರ ಇರ್ತದೆ, ಎದುರು ಯಾರಿದ್ದರು ಅಂತ ಬರೆಯಲಿಕ್ಕೆ ಅದರಲ್ಲಿ ಜಾಗ ಇಲ್ಲ. ಆಚೆ ವಲಯದಿಂದ ಸಲೀಸಾಗಿ ಬಂದವನಿಗೆ "ತಾಲೂಕು ಮಟ್ಟ" ಅಂತ ಸಿಗ್ತದೆ. ಮುಂದೆ ಕ್ರೀಡಾ ಹಾಸ್ಟೆಲ್‌ಗೋ, ಕಾಲೇಜಿನ ಸ್ಪೋರ್ಟ್ಸ್ ಸೀಟಿಗೋ ಆ ಎರಡು ಕಾಗದ ಮೇಜಿನ ಮೇಲೆ ಬಿದ್ದಾಗ ಯಾವುದಕ್ಕೆ ಬೆಲೆ ಅಂತ ನಾನು ಹೇಳಬೇಕಾ?

ಹಾಗಾಗಿ "ಯಾವ ವಲಯ ಬಲ" ಅನ್ನುದು ಟಿವಿ ಮುಂದೆ ಕೂತವರ ಟೈಮ್‌ಪಾಸ್ ಪ್ರಶ್ನೆ ಅಂತ ನನಗೆ ಅನಿಸುದಿಲ್ಲ.

(4/9)
2017. ಪ್ರೊ ಕಬಡ್ಡಿಗೆ ಮೂರು ವರ್ಷ, ಆದರೆ ಐದನೇ ಸೀಸನ್. (2016ರಲ್ಲಿ ಎರಡು ಸೀಸನ್ ಆಗಿತ್ತು, ಅದಕ್ಕೆ ಈ ಲೆಕ್ಕ.) 2014ರಲ್ಲಿ ಎಂಟು ತಂಡದಿಂದ ಶುರುವಾದ ಲೀಗಿಗೆ ಆ ವರ್ಷ ನಾಲ್ಕು ಹೊಸ ತಂಡ ಬಂತು: ಯುಪಿ ಯೋಧಾ, ತಮಿಳ್ ತಲೈವಾಸ್, ಹರಿಯಾಣ ಸ್ಟೀಲರ್ಸ್, ಗುಜರಾತ್ ಫಾರ್ಚೂನ್ ಜೈಂಟ್ಸ್. ಹನ್ನೆರಡು ತಂಡ ಆದ ಮೇಲೆ ಎರಡು ವಲಯ ಮಾಡಿದರು.

ಎ ವಲಯ: ದಬಾಂಗ್ ಡೆಲ್ಲಿ, ಗುಜರಾತ್, ಹರಿಯಾಣ, ಜೈಪುರ್ ಪಿಂಕ್ ಪ್ಯಾಂಥರ್ಸ್, ಪುಣೇರಿ ಪಲ್ಟನ್, ಯು ಮುಂಬಾ.
ಬಿ ವಲಯ: ಬೆಂಗಾಲ್ ವಾರಿಯರ್ಸ್, ಬೆಂಗಳೂರು ಬುಲ್ಸ್, ಪಟ್ನಾ ಪೈರೇಟ್ಸ್, ತಮಿಳ್ ತಲೈವಾಸ್, ತೆಲುಗು ಟೈಟಾನ್ಸ್, ಯುಪಿ ಯೋಧಾ.

ಭೂಪಟ ತೆಗೆದು ನೋಡಿದ್ರೆ ಪಶ್ಚಿಮ, ವಾಯವ್ಯದವರೆಲ್ಲ ಎ. ದಕ್ಷಿಣ, ಪೂರ್ವದವರೆಲ್ಲ ಬಿ. ಯುಪಿಯನ್ನು ಈ ಕಡೆಗೆ ತಳ್ಳಿದ್ದಾರೆ. ಆದರೆ ಆಟಗಾರರಿಗೆ ಈ ಭೂಪಟ ಅನ್ವಯ ಆಗುದಿಲ್ಲ. ಹರಿಯಾಣದ ಹುಡುಗರು ಹನ್ನೆರಡು ತಂಡದಲ್ಲೂ ಇದ್ದರು. ನಮ್ಮ ಐವರ್ನಾಡಿನ ರಬ್ಬರ್ ನಿಗಮದ ತೋಟದ ಕಡೆಯ ಫ್ರೆಂಡ್ಸ್, ಮನೆಯಲ್ಲಿ ತಮಿಳು ಮಾತಾಡುವವರು, ತಲೈವಾಸ್ ಕಡೆ. ನಾವು ಬುಲ್ಸ್ ಕಡೆ. ಎರಡೂ ಬಿ ವಲಯವೇ ಆದ್ದರಿಂದ ಲೀಗಿನಲ್ಲೇ ಮೂರು ಮೂರು ಸಲ ಜಗಳ ಮಾಡುವ ಭಾಗ್ಯ ನಮ್ಮದಾಗಿತ್ತು.

ಹೌದು, ಮೂರು ಸಲ. ವ್ಯವಸ್ಥೆ ಹೀಗಿತ್ತು: ತನ್ನ ವಲಯದ ಐದು ತಂಡದ ಜೊತೆ ತಲಾ ಮೂರು ಪಂದ್ಯ, ಅಂದರೆ 15. ಆಚೆ ವಲಯದ ಆರು ತಂಡದ ಜೊತೆ ತಲಾ ಒಂದು, ಅದರ ಮೇಲೆ ವೈಲ್ಡ್ ಕಾರ್ಡ್ ಅಂತ ಇನ್ನೊಂದು, ಅಂದರೆ 7. ಒಟ್ಟು 22. ಪ್ರತಿ ವಲಯದ ಮೊದಲ ಮೂರು ತಂಡ ಪ್ಲೇಆಫ್‌ಗೆ.

ಸೀಸನ್ ಶುರುವಾಗುವ ಮೊದಲು ಯಾವ ಕಡೆ ಭಾರ ಅಂತ ಕೇಳಿದ್ರೆ ತಕ್ಕಡಿ ಸಮ ಇತ್ತು. ಅದುವರೆಗಿನ ನಾಲ್ಕು ಕಪ್ಪಿನಲ್ಲಿ ಮೊದಲನೇದು ಜೈಪುರ, ಎರಡನೇದು ಮುಂಬೈ, ಎರಡೂ ಎ. ಮೂರು, ನಾಲ್ಕು ಎರಡೂ ಪಟ್ನಾ, ಅದು ಬಿ. ಎರಡಕ್ಕೆ ಎರಡು.

(5/9)
ಐದನೇ ಸೀಸನ್‌ನ ಲೀಗ್ ಮುಗಿದಾಗ ಎ ವಲಯದ ತಲೆ ಎತ್ತರ ಇತ್ತು. ಗುಜರಾತ್ 87 ಅಂಕ, ಪುಣೇರಿ 80, ಹರಿಯಾಣ 79. ಆಚೆ ಬಿ ವಲಯದ ಮೊದಲ ಸ್ಥಾನದ ಬೆಂಗಾಲ್ 77, ಎರಡನೇ ಪಟ್ನಾ 71. ಎ ವಲಯದ ಮೂರನೇ ತಂಡ ಬಿ ವಲಯದ ಮೊದಲನೇ ತಂಡಕ್ಕಿಂತ ಮುಂದೆ! ನಮ್ಮ ಬುಲ್ಸ್ 57 ಅಂಕ ತಗೊಂಡು ನಾಲ್ಕನೇ ಸ್ಥಾನ, ಪ್ಲೇಆಫ್ ಇಲ್ಲ.

ಇಲ್ಲಿ ಒಂದು ತಂಡದ ಬಗ್ಗೆ ನನಗೆ ಪಾಪ ಅನಿಸಿತು: ಯು ಮುಂಬಾ. ಅವರು 10 ಪಂದ್ಯ ಗೆದ್ದರು, 12 ಸೋತರು, ಎ ವಲಯದಲ್ಲಿ ನಾಲ್ಕನೆಯವರಾಗಿ ಹೊರಗೆ. ಬಿ ವಲಯದ ಯುಪಿ ಯೋಧಾ ಗೆದ್ದದ್ದು 8, ಸೋತದ್ದು 10, ಟೈ 4. ಅವರು ಒಳಗೆ. ಗೆಲುವಿಗೆ 5, ಟೈಗೆ 3, ಏಳು ಅಂಕದೊಳಗೆ ಸೋತರೆ 1 ಅನ್ನುವ ಲೆಕ್ಕದಲ್ಲಿ ಯುಪಿಯ ಮೊತ್ತವೇ ಹೆಚ್ಚು, ಅದು ಸರಿ. ಆದರೆ ಮುಂಬಾ ತನ್ನ 22ರಲ್ಲಿ 9 ಪಂದ್ಯವನ್ನು ಗುಜರಾತ್, ಪುಣೆ, ಹರಿಯಾಣದ ಜೊತೆ ಆಡಿತ್ತು. ಯುಪಿಗೆ ಆ ಮೂರು ತಂಡ ಸಿಕ್ಕಿದ್ದು ಹೆಚ್ಚೆಂದರೆ ನಾಲ್ಕು ಸಲ. ಫೀನಿಕ್ಸ್ ಸನ್ಸ್ ಕತೆಗೆ ಇದು ನಮ್ಮ ತಮ್ಮ.

ಪ್ಲೇಆಫ್ ಬಂತು. ಮೊದಲ ಕ್ವಾಲಿಫೈಯರ್‌ನಲ್ಲಿ ಗುಜರಾತ್, ಬೆಂಗಾಲನ್ನು 42-17ರಿಂದ ನುಜ್ಜುಗುಜ್ಜು ಮಾಡಿತು. ಪುಣೇರಿ, ಯುಪಿಯನ್ನು 40-38ರಲ್ಲಿ ದಾಟಿತು. ಎ ವಲಯ ಬಲ ಅನ್ನುವವರು ಕಾಲ ಮೇಲೆ ಕಾಲು ಹಾಕಿ ಕೂರಬೇಕು, ಅಷ್ಟರಲ್ಲಿ ಪ್ರದೀಪ್ ನರ್ವಾಲ್ ಎದ್ದು ಬಂದರು.

ಪಟ್ನಾ 69, ಹರಿಯಾಣ 30. ಆ ಒಂದೇ ಪಂದ್ಯದಲ್ಲಿ ನರ್ವಾಲ್ ರೈಡಿನಿಂದ ತಂದದ್ದು 34 ಅಂಕ. ಎದುರಾಳಿ ಇಡೀ ತಂಡಕ್ಕೆ ಸಿಕ್ಕಿದ್ದಕ್ಕಿಂತ ನಾಲ್ಕು ಹೆಚ್ಚು! ಅದರಲ್ಲಿ ಒಂದೇ ರೈಡಿನಲ್ಲಿ 8. ಮತ್ತೆ ಪಾಪ, ಅವರೇ ಹರಿಯಾಣದ ಹುಡುಗ. ಆಮೇಲೆ ಪುಣೇರಿಯನ್ನು 42-32, ಬೆಂಗಾಲನ್ನು 47-44, ಕೊನೆಗೆ ಅಕ್ಟೋಬರ್ 28ರಂದು ಚೆನ್ನೈಯಲ್ಲಿ ಫೈನಲ್, ಗುಜರಾತನ್ನು 55-38. ಆ ಸೀಸನ್ ನರ್ವಾಲ್ ಒಟ್ಟು 369 ರೈಡ್ ಅಂಕ ಗಳಿಸಿದರು. ಕಪ್ಪು ಬಿ ವಲಯಕ್ಕೆ.

ಈಗ ನಿಧಾನ ಎಣಿಸಿ. ಪ್ಲೇಆಫ್‌ನಲ್ಲಿ ಎ ಮತ್ತು ಬಿ ಮುಖಾಮುಖಿ ಆದದ್ದು ಐದು ಸಲ. ಬಿ ಗೆದ್ದದ್ದು ಮೂರು, ಎ ಗೆದ್ದದ್ದು ಎರಡು. ಬಿ ವಲಯದ ಆ ಮೂರೂ ಗೆಲುವು ಪಟ್ನಾದ್ದು. ಉಳಿದ ಇಬ್ಬರು, ಬೆಂಗಾಲ್ ಮತ್ತು ಯುಪಿ, ಎ ವಲಯದವರ ಎದುರು ಸೋತೇ ಹೋದರು. ಇದನ್ನು "ಬಿ ವಲಯದ ಬಲ" ಅಂತ ಹೇಗೆ ಕರೆಯುದು? ಒಂದು ವಲಯ ಅಲ್ಲ ಅದು, ಒಬ್ಬ ಮನುಷ್ಯನ ಎರಡು ಕಾಲು.

(6/9)
ಹಾಗಾದರೆ ವಲಯದ ಬಲವನ್ನು ಅಳೆಯುದು ಹೇಗೆ? ಇದು ಲೆಕ್ಕದ ಪೋಸ್ಟ್. ಓಡಬೇಡಿ, ಕೂಡಿಸಿ ಕಳೆಯಲಿಕ್ಕೆ ಬಂದರೆ ಸಾಕು.

ಅಂಕ ಕೂಡಿಸಿದರೆ ಆಗುದಿಲ್ಲ. ಯಾಕಂದ್ರೆ 22ರಲ್ಲಿ 15 ಪಂದ್ಯ ಮನೆಯೊಳಗಿನದ್ದು. ಅಣ್ಣ ತಮ್ಮನಿಂದ ಹತ್ತು ರೂಪಾಯಿ ತಗೊಂಡರೆ ಮನೆಯ ದುಡ್ಡು ಹೆಚ್ಚಾಗ್ತದಾ? ಎ ವಲಯದೊಳಗೆ ಗುಜರಾತ್ ಗೆದ್ದರೆ ಎ ವಲಯದ್ದೇ ಇನ್ನೊಂದು ತಂಡ ಸೋತಿರ್ತದೆ. ಹೊರಗಿನಿಂದ ದುಡ್ಡು ಬರುದು ಆಚೆ ವಲಯದ ಜೊತೆ ಆಡಿದಾಗ ಮಾತ್ರ.

ಇದರಿಂದಲೇ ಒಂದು ಸುಲಭ ದಾರಿ ಸಿಗ್ತದೆ. ಒಂದು ವಲಯದ ಆರೂ ತಂಡದ ಗೆಲುವು ಕೂಡಿಸಿ. ಆರೂ ತಂಡದ ಸೋಲು ಕೂಡಿಸಿ. ಕಳೆಯಿರಿ. ಒಳಗೊಳಗಿನ ಪಂದ್ಯಗಳು ಒಂದು ಗೆಲುವು, ಒಂದು ಸೋಲು ಆಗಿ ತಾವೇ ಹೊಡೆದು ಹೋಗ್ತವೆ. ಉಳಿಯುದು ಆಚೆ ವಲಯದ ಎದುರಿನ ಲೆಕ್ಕ ಮಾತ್ರ. 132 ಪಂದ್ಯದ ಸ್ಕೋರ್ ಒಂದೊಂದಾಗಿ ಹುಡುಕುವ ಕೆಲಸವೇ ಇಲ್ಲ.

ಐದನೇ ಸೀಸನ್ ಎ ವಲಯ: ಗೆಲುವು 15, 15, 13, 10, 8, 5. ಒಟ್ಟು 66. ಸೋಲು 4, 7, 5, 12, 13, 16. ಒಟ್ಟು 57. ಉಳಿದದ್ದು 9.

ಎರಡು ವಲಯದ ನಡುವೆ ನಡೆದ 42 ಪಂದ್ಯದಲ್ಲಿ ಎ ವಲಯ, ಬಿ ವಲಯಕ್ಕಿಂತ ಒಂಬತ್ತು ಗೆಲುವು ಹೆಚ್ಚು ತಗೊಂಡಿದೆ. ಅಂದರೆ ಗುಂಪು ಅಂತ ನೋಡಿದರೆ ಎ ವಲಯವೇ ಬಲ, ಅನುಮಾನ ಇಲ್ಲ. ಕಪ್ಪು ಮಾತ್ರ ಬಿ ವಲಯಕ್ಕೆ. ಮಯಾಮಿ ಹೀಟ್ ನೆನಪಾಯ್ತಾ?

ಇನ್ನೊಂದು ಸಣ್ಣ ವಿಷಯ. ಎ ವಲಯದ ಮೊದಲ ಮೂರು ತಂಡದ ಗೆಲುವಿನಿಂದ ಸೋಲು ಕಳೆದರೆ ಜಮೆ 27. ಬಿ ವಲಯದ ಮೊದಲ ಮೂರರದ್ದು ಬರೀ 7. ಕೆಳಗಿನ ಮೂರು ಮೂರು ತಂಡ ನೋಡಿ: ಎ ವಲಯದ್ದು 18 ಸಾಲ, ಬಿ ವಲಯದ್ದು 16 ಸಾಲ. ಕೆಳಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಎ ವಲಯ ಬಲ ಅಂತ ಹೇಳುವಾಗ ನಾವು ಹೇಳುದು ಮೇಲಿನ ಮೂರು ತಂಡದ ಬಗ್ಗೆ ಮಾತ್ರ.

(7/9)
2018ರ ಹರಾಜು. ಆರನೇ ಸೀಸನ್‌ಗೆ ಮೊದಲು ಹೆಚ್ಚಿನ ಆಟಗಾರರು ಮತ್ತೆ ಹರಾಜಿಗೆ ಬಂದರು. ಪ್ರೊ ಕಬಡ್ಡಿಯಲ್ಲಿ ಮೊದಲ ಬಾರಿ ಕೋಟಿ ದಾಟಿದ್ದು ಆಗ, ಅದೂ ಒಬ್ಬರಲ್ಲ, ಆರು ಮಂದಿ. ಮೋನು ಗೋಯತ್ 1.51 ಕೋಟಿಗೆ ಹರಿಯಾಣ. ರಾಹುಲ್ ಚೌಧರಿ 1.29 ಕೋಟಿಗೆ ತೆಲುಗು ಟೈಟಾನ್ಸ್. ದೀಪಕ್ ಹೂಡಾ ಜೈಪುರ, ನಿತಿನ್ ತೋಮರ್ ಪುಣೇರಿ, ಇಬ್ಬರಿಗೂ 1.15 ಕೋಟಿ. ರಿಶಾಂಕ್ ದೇವಾಡಿಗ 1.11 ಕೋಟಿಗೆ ಯುಪಿ. ಇರಾನಿನ ಫಜಲ್ ಅತ್ರಾಚಲಿ 1 ಕೋಟಿಗೆ ಯು ಮುಂಬಾ.

ಆರರಲ್ಲಿ ನಾಲ್ಕು ಎ ವಲಯಕ್ಕೆ. ಸೀಸನ್ ಮೊದಲು ಕೇಳಿದ್ದರೆ ಯಾರಾದರೂ ಹೇಳ್ತಿದ್ದರು, ಎ ಇನ್ನೂ ಬಲ ಆಯ್ತು ಅಂತ. ಆದದ್ದೆಂತ? ಗೋಯತ್ ಹೋದ ಹರಿಯಾಣ ಎ ವಲಯದಲ್ಲಿ ಕೊನೆ. ಹೂಡಾ ಹೋದ ಜೈಪುರ ಕೊನೆಯಿಂದ ಎರಡನೇದು. ತೋಮರ್ ಇದ್ದ ಪುಣೇರಿ ನಾಲ್ಕನೇ ಸ್ಥಾನ. ಕೋಟಿ ಕೆಲಸಕ್ಕೆ ಬಂದದ್ದು ಅತ್ರಾಚಲಿಯದ್ದು ಮಾತ್ರ, ಅವರು ಡಿಫೆಂಡರ್. ಹರಾಜಿನ ದುಡ್ಡು ನೋಡಿ ಸೀಸನ್ ಅಂದಾಜು ಮಾಡುವವರು ಈ ಪಟ್ಟಿಯನ್ನು ಒಮ್ಮೆ ಸೇವ್ ಮಾಡಿ ಇಟ್ಕೊಳ್ಳಿ.

ನಮ್ಮ ಕಡೆಯವರೂ ಈ ನಡುವೆ ವಲಯ ಬದಲಿಸಿದರು. ಐದನೇ ಸೀಸನ್‌ನಲ್ಲಿ ಗುಜರಾತ್ ನಾಯಕರಾಗಿ ಫೈನಲ್‌ವರೆಗೆ ಹೋದದ್ದು ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. ಮರುವರ್ಷ ಅವರು ತಮಿಳ್ ತಲೈವಾಸ್‌ಗೆ. ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಐದರಲ್ಲಿ ಹರಿಯಾಣ, ಆರರಲ್ಲಿ ಯುಪಿ. ಇಬ್ಬರೂ ಎ ಬಿಟ್ಟು ಬಿ ಕಡೆ ಬಂದರು. ತಂಡದ ಹೆಸರು ಅಲ್ಲೇ ಇರ್ತದೆ, ಒಳಗಿನ ಜನ ಮಾತ್ರ ಬೇರೆ. ಹಾಗಿರುವಾಗ "ಈ ವಲಯ ಯಾವಾಗಲೂ ಬಲ" ಅನ್ನುವ ಮಾತಿಗೆ ಒಂದು ಹರಾಜಿನಷ್ಟೇ ಆಯಸ್ಸು.

(8/9)
ಬುಲ್ಸ್ ಫ್ಯಾನ್ಸ್, ನಿಮ್ಮ ಪೋಸ್ಟ್ ಬಂತು.

ಆರನೇ ಸೀಸನ್ ಅಕ್ಟೋಬರ್ 2018ರಲ್ಲಿ ಶುರು. ಬೆಂಗಳೂರಿನಲ್ಲಿ ಒಂದೂ ಪಂದ್ಯ ಇಲ್ಲ. ಹಿಂದಿನ ವರ್ಷ ಬುಲ್ಸ್‌ನ "ತವರಿನ" ಪಂದ್ಯಗಳು ನಾಗಪುರದಲ್ಲಿ ನಡೆದಿದ್ದವು, ಈ ವರ್ಷ ಪುಣೆಯಲ್ಲಿ. ಕಂಠೀರವದ ಮುಖ ನೋಡದೆ ಎರಡು ಸೀಸನ್. ಸುಲಭದ ವಲಯ ಅನ್ನುವವರು ಇದನ್ನು ಹೇಳುದೇ ಇಲ್ಲ, ಯಾಕೆ?

ಲೀಗ್ ಮುಗಿದಾಗ ಎ ವಲಯ: ಗುಜರಾತ್ 93, ಯು ಮುಂಬಾ 86, ಡೆಲ್ಲಿ 68. ಬಿ ವಲಯ: ಬುಲ್ಸ್ 78, ಬೆಂಗಾಲ್ 69, ಯುಪಿ 57. ಮೂರು ಸಲ ಸತತ ಗೆದ್ದ ಪಟ್ನಾ 55ರಲ್ಲಿ ನಿಂತು ಹೊರಗೆ, ನರ್ವಾಲ್ ಇದ್ದೂ.

ಕಳೆಯುವ ಲೆಕ್ಕ ಮಾಡುವ. ಎ ವಲಯದ ಗೆಲುವು 17, 15, 11, 8, 6, 6. ಒಟ್ಟು 63. ಸೋಲು 3, 5, 9, 12, 13, 14. ಒಟ್ಟು 56. ಉಳಿದದ್ದು 7. ಮತ್ತೆ ಎ ವಲಯವೇ ಬಲ!

ಅಂದರೆ ಕುಟುಕುವವರ ಅರ್ಧ ಮಾತು ಸರಿ. ಬುಲ್ಸ್ ಇದ್ದದ್ದು ಮೆದು ವಲಯದಲ್ಲೇ. ಆದರೆ ಈಗ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿ. ಎರಡೂ ವಲಯದ ಮೂರನೇ ಸ್ಥಾನದಿಂದ ಆರನೇ ಸ್ಥಾನದವರೆಗಿನ ನಾಲ್ಕು ನಾಲ್ಕು ತಂಡ ತಗೊಳ್ಳಿ. ಎ ವಲಯದ ನಾಲ್ಕರ ಗೆಲುವಿನಿಂದ ಸೋಲು ಕಳೆದರೆ 17 ಸಾಲ. ಬಿ ವಲಯದ ನಾಲ್ಕರದ್ದು? ಅದೂ ಸರಿಯಾಗಿ 17 ಸಾಲ. ನಾನು ಎರಡು ಸಲ ಕೂಡಿಸಿ ನೋಡಿದೆ, ನೀವೂ ನೋಡಿ. ಎರಡು ವಲಯದ ವ್ಯತ್ಯಾಸ ಪೂರ್ತಿ ಇರುದು ಮೇಲಿನ ಎರಡು ತಂಡದಲ್ಲಿ: ಗುಜರಾತ್ ಮತ್ತು ಮುಂಬಾ ಸೇರಿ 24 ಜಮೆ, ಬುಲ್ಸ್ ಮತ್ತು ಬೆಂಗಾಲ್ ಸೇರಿ 10. ಅಂದರೆ ಎ ವಲಯ ಕಷ್ಟ ಅಂದರೆ ಗುಜರಾತ್, ಮುಂಬಾ ಎಂಬ ಎರಡು ತಂಡ ಕಷ್ಟ, ಅಷ್ಟೇ.

ಹಾಗಾದರೆ "ಸುಲಭದ ಗುಂಪು" ಅನ್ನುದನ್ನು ಸುಳ್ಳು ಮಾಡಲಿಕ್ಕೆ ಬುಲ್ಸ್ ಎಂತ ಮಾಡಬೇಕಿತ್ತು? ಆ ಎರಡರಲ್ಲಿ ಒಂದನ್ನಾದರೂ ಸೋಲಿಸಬೇಕಿತ್ತು. ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಮೊದಲ ಕ್ವಾಲಿಫೈಯರ್: ಬುಲ್ಸ್ 41, ಗುಜರಾತ್ 29. ಲೀಗಿನಲ್ಲಿ 22 ಪಂದ್ಯದಲ್ಲಿ ಬರೀ ಮೂರು ಸೋತಿದ್ದ ತಂಡ ಅದು. ಇನ್ನೊಂದನ್ನು, ಮುಂಬಾವನ್ನು, ಬುಲ್ಸ್ ಮುಟ್ಟುವ ಮೊದಲೇ ಯುಪಿ ಮುಗಿಸಿತ್ತು: 34-29. 57 ಅಂಕದವರು 86 ಅಂಕದವರನ್ನು! ಅದೇ ಯುಪಿ ಆಮೇಲೆ ಡೆಲ್ಲಿಯನ್ನು 45-33ರಿಂದ ಹೊರಗೆ ಕಳಿಸಿತು. ನಮ್ಮ ರೈ ಅವರ ತಂಡ ಅಂತ ಮತ್ತೊಮ್ಮೆ ನೆನಪಿಸ್ತೇನೆ, ಪುತ್ತೂರಿನವರು ಬೀಗಿಕೊಳ್ಳಬಹುದು. ಎರಡನೇ ಕ್ವಾಲಿಫೈಯರ್‌ನಲ್ಲಿ ಗುಜರಾತ್ 38-31ರಿಂದ ಅವರನ್ನು ನಿಲ್ಲಿಸಿತು.

ಫೈನಲ್ ಜನವರಿ 5, 2019, ಮುಂಬೈ. ಅರ್ಧಾವಧಿಗೆ ಗುಜರಾತ್ 16, ಬುಲ್ಸ್ 9. ಆಮೇಲೆ ಪವನ್ ಸೆಹ್ರಾವತ್. ಒಬ್ಬರೇ 22 ಅಂಕ. ಬುಲ್ಸ್ 38, ಗುಜರಾತ್ 33. ಆ ವರ್ಷದ ಅತಿ ಬಲದ ತಂಡವನ್ನು ಆರು ದಿನದೊಳಗೆ ಎರಡು ಸಲ ಸೋಲಿಸಿ ತಂದ ಕಪ್ಪು. ಲೀಗಿನ 22 ಪಂದ್ಯದ ಬಗ್ಗೆ ಬೇಕಾದ್ದು ಹೇಳಿ, ಈ ಎರಡು ಪಂದ್ಯ ಯಾವ ವಲಯದಲ್ಲೂ ಸುಲಭ ಅಲ್ಲ.

ಪ್ಲೇಆಫ್‌ನ ಆರಕ್ಕೆ ಆರೂ ಪಂದ್ಯ ಎ-ಬಿ ನಡುವೆಯೇ ಬಿತ್ತು. ಡೆಲ್ಲಿ ಬೆಂಗಾಲನ್ನು 39-28ರಲ್ಲಿ ಸೋಲಿಸಿದ್ದೂ ಸೇರಿ ಎ ವಲಯಕ್ಕೆ ಎರಡು, ಬಿ ವಲಯಕ್ಕೆ ನಾಲ್ಕು. ಈ ಸಲ ನಾಲ್ಕರಲ್ಲಿ ಎರಡು ಬುಲ್ಸ್, ಎರಡು ಯುಪಿ. ಹಿಂದಿನ ವರ್ಷದ ಹಾಗೆ ಒಬ್ಬರೇ ಹೊತ್ತುಕೊಂಡು ಹೋದದ್ದಲ್ಲ.

(9/9)
2019ರ ಏಳನೇ ಸೀಸನ್‌ಗೆ ವಲಯ ತೆಗೆದು ಹಾಕಿದರು. ಎಲ್ಲರೂ ಎಲ್ಲರ ಜೊತೆ ಎರಡು ಸಲ. ಹನ್ನೊಂದು ಎದುರಾಳಿ, ತಲಾ ಎರಡು, ಒಟ್ಟು 22. ಗಮನಿಸಿದ್ರಾ? ವಲಯ ಇದ್ದಾಗಲೂ 22, ಇಲ್ಲದಾಗಲೂ 22. ಲೀಗಿನ 132 ಪಂದ್ಯದಲ್ಲಿ ಒಂದೂ ಹೆಚ್ಚಾಗ್ಲಿಲ್ಲ, ಕಡಿಮೆ ಆಗ್ಲಿಲ್ಲ. ಬದಲಾದದ್ದು ಎದುರು ಯಾರು ಅನ್ನುದು ಮಾತ್ರ. ಅಮೇರಿಕದಲ್ಲಿ ದೂರದ ಲೆಕ್ಕ ಹೇಳ್ತಾರೆ, ಈ ಕರಾವಳಿಯಿಂದ ಆ ಕರಾವಳಿಗೆ ವಿಮಾನದಲ್ಲೇ ಐದಾರು ಗಂಟೆ, ಹಾಗಾಗಿ ಹತ್ತಿರದವರ ಜೊತೆ ಹೆಚ್ಚು ಆಡುದು. ನಮ್ಮಲ್ಲಿ ಎಲ್ಲಾ ತಂಡವೂ ಒಂದು ಊರಿಗೆ ಹೋಗಿ ಅಲ್ಲಿ ಕೆಲವು ದಿನ ಆಡಿ ಮುಂದಿನ ಊರಿಗೆ ಹೋಗುವ ಪದ್ಧತಿ. ಆ ಕಾರಣ ನಮಗೆ ಇರಲೇ ಇಲ್ಲ. ನನ್ನ ಕೇಳಿದ್ರೆ ತೆಗೆದದ್ದೇ ಒಳ್ಳೇದಾಯ್ತು. ಮುಂಬಾಕ್ಕೆ ಆದ ಹಾಗೆ ಇನ್ನೊಂದು ತಂಡಕ್ಕೆ ಆಗುದು ಬೇಡ.

ಆದರೂ ಹಳೇ ಗೆರೆ ಎಳೆದು ಏಳನೇ ಸೀಸನ್ ನೋಡುವ ಕುತೂಹಲ ತಡೆಯಲಿಕ್ಕೆ ಆಗ್ಲಿಲ್ಲ. ಪ್ಲೇಆಫ್‌ಗೆ ಹೋದ ಆರು: ಡೆಲ್ಲಿ, ಬೆಂಗಾಲ್, ಯುಪಿ, ಮುಂಬಾ, ಹರಿಯಾಣ, ಬುಲ್ಸ್. ಹಳೇ ಎ ವಲಯದ ಮೂರು, ಹಳೇ ಬಿ ವಲಯದ ಮೂರು! ಯಾರೂ ಕೋಟಾ ಇಡದೆ ತಾನಾಗಿ ಬಂದದ್ದು. ಎರಡು ವರ್ಷ ಮೇಲೆ ಕೂತಿದ್ದ ಗುಜರಾತ್ ಈ ಸಲ ಒಂಬತ್ತನೇ ಸ್ಥಾನ. ಬುಲ್ಸ್ ಕೊನೆಗೂ ಕಂಠೀರವಕ್ಕೆ ಬಂತು. ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಫೈನಲ್: ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದ ಡೆಲ್ಲಿಯ ಎದುರು ಬೆಂಗಾಲ್ ವಾರಿಯರ್ಸ್. ಬೆಂಗಾಲಿನ ಕೋಚ್ ನಮ್ಮ ರಾಜ್ಯದ ಬಿ.ಸಿ. ರಮೇಶ್, ಹಿಂದಿನ ವರ್ಷ ಬುಲ್ಸ್ ಬಳಗದಲ್ಲಿದ್ದವರು. 39-34. ವಲಯವೇ ಇಲ್ಲದ ವರ್ಷದಲ್ಲೂ ಕಪ್ಪು ಹಳೇ ಬಿ ಕಡೆಗೇ ಹೋಯ್ತು.

ಈ ಸಲದ ವೇಳಾಪಟ್ಟಿ ಬಂದ ಮೇಲೆ ಗ್ರೂಪಿನಲ್ಲಿ ಜಗಳ ತೆಗೆಯುವವರಿಗೆ ಒಂದು ಕೆಲಸ ಕೊಡ್ತೇನೆ. ಮೊದಲ ಹತ್ತು ಪಂದ್ಯ ಮುಗಿಯುವಾಗ ಪಟ್ಟಿಯ ತುದಿಯಲ್ಲಿ ಇರುವ ತಂಡ ಅಲ್ಲಿವರೆಗೆ ಯಾರ ಯಾರ ಎದುರು ಆಡಿದೆ ಅಂತ ಬರೆದು ಹಾಕಿ. ಎರಡನೇ ಸುತ್ತಿನಲ್ಲಿ ಯಾರು ಬಾಕಿ ಇದ್ದಾರೆ ಅಂತಲೂ. ಆಮೇಲೆ ಸ್ಟೇಟಸ್ ಇಡಿ. ತಲೈವಾಸ್‌ನವರಿಗೂ ಇದೇ ನಿಯಮ, ಬುಲ್ಸ್‌ನವರಿಗೂ ಇದೇ.